ಸುಸ್ಥಿರತೆಯ ಲೆಕ್ಕದಲ್ಲಿ ಹೆಣ್ಣಿನ ದುಡಿಮೆ

ದೊಡ್ಡ ಕಂಪನಿಗಳು ಪ್ರತಿವರ್ಷ ಹೊರತರುವ ಸುಸ್ಥಿರತಾ ವರದಿಗಳಲ್ಲಿ ಎಷ್ಟು ನೀರನ್ನು ಮರುಬಳಕೆ ಮಾಡಲಾಯಿತು, ಎಷ್ಟು ವಿದ್ಯುತ್ತನ್ನು ಸೂರ್ಯನಿಂದ ಪಡೆಯಲಾಯಿತು, ಎಷ್ಟು ಸಸಿಗಳನ್ನು ನೆಡಲಾಯಿತು ಎಂಬ ವಿವರಗಳು ದಶಮಾಂಶದವರೆಗೆ ಲೆಕ್ಕಹಾಕಿ ಮುದ್ರಣಗೊಂಡಿರುತ್ತವೆ. ಅದೇ ಕಂಪನಿಯ ಸರಕನ್ನು ಹೊಲಿಯುವ, ಜೋಡಿಸುವ, ಪೊಟ್ಟಣ ಕಟ್ಟುವ ಹೆಂಗಸರಿಗೆ ದುಡಿದ ಓವರ್‌ಟೈಮ್‌ನ ಹಣ ಸಂದಾಯವಾಯಿತೇ, ಮೇಲ್ವಿಚಾರಕನ ಬೈಗುಳದ ವಿರುದ್ಧ ದೂರು ಕೊಟ್ಟವಳು ಇನ್ನೂ ಕೆಲಸದಲ್ಲಿದ್ದಾಳೆಯೇ ಎಂದು ಹುಡುಕಹೊರಟವರಿಗೆ ಮಾತ್ರ, ಕಂಪನಿಯು ಮಾನವ ಹಕ್ಕುಗಳನ್ನು ಗೌರವಿಸುತ್ತದೆ ಎಂಬರ್ಥದ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನದು ಸಿಗುವುದು ಅಪರೂಪ.

ಈ ಅಸಮತೋಲನಕ್ಕೆ ಚಾರಿತ್ರಿಕ ಕಾರಣವಿದೆ. ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು 1987ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದಾಗ, ಮುಂದಿನ ಪೀಳಿಗೆಗಳ ಅಗತ್ಯಗಳಿಗೆ ಧಕ್ಕೆ ತರದೆ ಇಂದಿನವರ ಅಗತ್ಯಗಳನ್ನು ಪೂರೈಸಿಕೊಳ್ಳುವ ಅಭಿವೃದ್ಧಿಯನ್ನು ಸುಸ್ಥಿರ ಎಂದು ಕರೆಯಿತು. ಆ ವಿವರಣೆಯಲ್ಲಿ ಬಡವರ ಅಗತ್ಯಗಳಿಗೆ ಮೊದಲ ಸ್ಥಾನವಿತ್ತು. ಆದರೆ ಉದ್ಯಮಗಳು ಈ ವಿಚಾರವನ್ನು ತಮ್ಮದಾಗಿಸಿಕೊಳ್ಳುವಾಗ ಮೀಟರ್ ಇಟ್ಟು ಅಳೆಯಬಹುದಾದ ನೀರು, ಇಂಗಾಲ, ತ್ಯಾಜ್ಯಗಳನ್ನು ಮೊದಲು ಎತ್ತಿಕೊಂಡವು. ಕೂಲಿ, ಘನತೆ, ತಾರತಮ್ಯಗಳಂಥ ಮನುಷ್ಯ ಸಂಬಂಧದ ವಿಷಯಗಳು ಹಿಂದೆ ಉಳಿದವು, ಹೆಣ್ಣಿನ ಪ್ರಶ್ನೆ ಅವುಗಳಿಗಿಂತಲೂ ಹಿಂದೆ ಉಳಿಯಿತು.

ಭಾರತದಲ್ಲಿ ಇದಕ್ಕೆ ಇನ್ನೊಂದು ಗೊಂದಲವೂ ಸೇರಿಕೊಂಡಿತು. 2013ರ ಕಂಪನಿಗಳ ಕಾಯ್ದೆಯ 135ನೆಯ ಕಲಮು, ನಿಗದಿತ ಗಾತ್ರಕ್ಕಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಸ್‌ಆರ್‌ಗೆ, ವೆಚ್ಚಮಾಡಬೇಕೆಂದು ವಿಧಿಸಿದ ಮೇಲೆ, ಕಂಪನಿಯ ಸಾಮಾಜಿಕ ಕರ್ತವ್ಯವೆಂದರೆ ಗಳಿಸಿದ ಲಾಭದಲ್ಲಿ ಒಂದು ಪಾಲನ್ನು ದಾನಮಾಡುವುದು ಎಂಬ ತಿಳಿವಳಿಕೆ ಬೇರೂರಿತು. ಮಾನವ ಹಕ್ಕುಗಳ ಪ್ರಶ್ನೆ ಇರುವುದು ಲಾಭ ಹೇಗೆ ಖರ್ಚಾಯಿತು ಎಂಬಲ್ಲಲ್ಲ, ಅದು ಹೇಗೆ ಬಂತು ಎಂಬಲ್ಲಿ. ಹಳ್ಳಿಯ ಹೆಂಗಸರಿಗೆ ಹೊಲಿಗೆ ಯಂತ್ರ ಹಂಚಿದ ಫೋಟೊವನ್ನು ವರದಿಯ ಮುಖಪುಟಕ್ಕೆ ಹಾಕಿಕೊಂಡ ಉದ್ಯಮವೊಂದು, ತನಗಾಗಿ ಹೊಲಿಯುವ ಹೆಂಗಸರ ಕೂಲಿಯನ್ನು ಕೇಳದೆಯೇ ಇರಬಹುದು, ಮತ್ತು ಹಾಗೆ ಕೇಳದಿರುವುದು 135ನೆಯ ಕಲಮಿನ ಉಲ್ಲಂಘನೆಯಾಗುವುದಿಲ್ಲ.

ಲಾಭ ಹೇಗೆ ಬಂತು ಎಂಬ ಈ ಪ್ರಶ್ನೆಗೆ ಅಂತರರಾಷ್ಟ್ರೀಯ ಚೌಕಟ್ಟು ದೊರೆತದ್ದು 2011ರ ಜೂನ್‌ನಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ರಗ್ಗಿ ಸಿದ್ಧಪಡಿಸಿದ, ಉದ್ಯಮ ಮತ್ತು ಮಾನವ ಹಕ್ಕುಗಳನ್ನು ಕುರಿತ 31 ಮಾರ್ಗದರ್ಶಿ ತತ್ತ್ವಗಳನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ಆಗ ಅನುಮೋದಿಸಿತು. ಹಕ್ಕುಗಳನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಕಂಪನಿಯ ಹೊಣೆ, ಹಾನಿಯಾದಾಗ ಪರಿಹಾರ ಸಿಗುವಂತೆ ಮಾಡುವುದು ಇಬ್ಬರ ಪಾಲಿನದು ಎಂಬ ಮೂರು ಕಂಬಗಳ ಮೇಲೆ ಅವು ನಿಂತಿವೆ. ಇವುಗಳಲ್ಲಿ ಕಂಪನಿಗಳಿಗೆ ಸಂಬಂಧಿಸಿದ ಮುಖ್ಯ ಪರಿಕಲ್ಪನೆಯೆಂದರೆ ಮುಂಜಾಗ್ರತಾ ಪರಿಶೀಲನೆ: ತನ್ನ ವ್ಯವಹಾರದಿಂದ, ತನಗೆ ಮಾಲು ಒದಗಿಸುವವರ ವ್ಯವಹಾರದಿಂದಲೂ, ಯಾರ ಹಕ್ಕಿಗೆ ಎಲ್ಲಿ ಪೆಟ್ಟು ಬೀಳಬಹುದೆಂದು ಕಂಪನಿಯೇ ಮುಂದಾಗಿ ಹುಡುಕಿ, ತಡೆದು, ತಡೆದದ್ದು ಫಲಿಸಿತೇ ಎಂದು ನೋಡಿ, ಅದನ್ನು ಹೊರಗಿನವರಿಗೆ ತಿಳಿಸುವ ನಿರಂತರ ಕ್ರಮ ಇದು. ಸಾಮಾನ್ಯ ವ್ಯಾಪಾರದ ಪರಿಶೀಲನೆಯಲ್ಲಿ ಕಂಪನಿಗೆ ಏನು ನಷ್ಟವಾದೀತು ಎಂದು ನೋಡಲಾಗುತ್ತದೆ; ಇಲ್ಲಿ ನೋಡಬೇಕಾದದ್ದು ಜನರಿಗೆ ಏನು ನಷ್ಟವಾದೀತು ಎಂಬುದನ್ನು. 2019ರಲ್ಲಿ ಇದೇ ವಿಷಯದ ವಿಶ್ವಸಂಸ್ಥೆಯ ಕಾರ್ಯತಂಡವು ಮಾರ್ಗದರ್ಶಿ ತತ್ತ್ವಗಳನ್ನು ಲಿಂಗದ ದೃಷ್ಟಿಯಿಂದ ಹೇಗೆ ಅನ್ವಯಿಸಬೇಕೆಂದು ಪ್ರತ್ಯೇಕವಾಗಿ ವಿವರಿಸಬೇಕಾಯಿತು, ಏಕೆಂದರೆ ಒಂದೇ ಕಾರ್ಖಾನೆಯ ಒಂದೇ ನಿಯಮ ಗಂಡಿಗೂ ಹೆಣ್ಣಿಗೂ ಒಂದೇ ಬಗೆಯಲ್ಲಿ ತಟ್ಟುವುದಿಲ್ಲ ಎಂಬ ಸರಳ ಸಂಗತಿಯನ್ನು ಕಂಪನಿಗಳು ಗಮನಕ್ಕೆ ತಂದುಕೊಂಡಿರಲಿಲ್ಲ.

ಭಾರತದ ನಿಯಮಗಳು ಈ ವಿಷಯದಲ್ಲಿ ತೀರ ಹಿಂದುಳಿದಿವೆ ಎನ್ನುವಂತಿಲ್ಲ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2019ರಲ್ಲಿ ಪರಿಷ್ಕರಿಸಿದ ಹೊಣೆಗಾರಿಕೆಯ ವ್ಯವಹಾರದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಂಬತ್ತು ತತ್ತ್ವಗಳಿದ್ದು, ಐದನೆಯದು ಮಾನವ ಹಕ್ಕುಗಳಿಗೇ ಮೀಸಲಾಗಿದೆ. ಷೇರುಪೇಟೆಯ ನಿಯಂತ್ರಕ ಸೆಬಿಯು ಆ ತತ್ತ್ವಗಳ ಮೇಲೆ ಬಿಆರ್‌ಎಸ್‌ಆರ್ ಎಂಬ ವರದಿ ನಮೂನೆಯನ್ನು 2021ರ ಮೇ ತಿಂಗಳಲ್ಲಿ ರೂಪಿಸಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳಿಗೆ 2022-23ರ ಹಣಕಾಸು ವರ್ಷದಿಂದ ಅದನ್ನು ಕಡ್ಡಾಯಗೊಳಿಸಿತು. ಈ ನಮೂನೆಯನ್ನು ತಾಳ್ಮೆಯಿಂದ ಓದಿದವರಿಗೆ ಅದರ ಕೆಲವು ಪ್ರಶ್ನೆಗಳು ನಿಜಕ್ಕೂ ಚುರುಕಾಗಿರುವುದು ಕಾಣುತ್ತದೆ. ಕನಿಷ್ಠ ವೇತನ ಪಡೆಯುವವರೆಷ್ಟು, ಅದಕ್ಕಿಂತ ಹೆಚ್ಚು ಪಡೆಯುವವರೆಷ್ಟು ಎಂಬುದನ್ನು ಗಂಡಸರು ಹೆಂಗಸರು, ಕಾಯಂ ಮತ್ತು ಕಾಯಂ ಅಲ್ಲದವರು ಎಂದು ಬಿಡಿಸಿ ಬರೆಯಬೇಕು. ಹೆರಿಗೆ ಅಥವಾ ಪಿತೃತ್ವ ರಜೆಯ ನಂತರ ಕೆಲಸಕ್ಕೆ ಮರಳಿದವರ ಪ್ರಮಾಣವನ್ನೂ ಹಾಗೆ ಮರಳಿದವರಲ್ಲಿ ಉಳಿದುಕೊಂಡವರ ಪ್ರಮಾಣವನ್ನೂ ಹೇಳಬೇಕು. ಗಂಡಸರ ಮತ್ತು ಹೆಂಗಸರ ವೇತನದ ಮಧ್ಯಾಂಕವನ್ನು, ಅಂದರೆ ಎಲ್ಲರ ವೇತನವನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಮೊತ್ತವನ್ನು, ಪ್ರತ್ಯೇಕವಾಗಿ ಕೊಡಬೇಕು. ನಾಲ್ಕಾರು ದೊಡ್ಡ ಸಂಬಳಗಳು ಸರಾಸರಿಯನ್ನು ಎತ್ತಿ ತೋರಿಸುವಂತೆ ಮಧ್ಯಾಂಕವನ್ನು ಎತ್ತಲಾರವು. 2023ರಲ್ಲಿ ಸೆಬಿ ಪ್ರಕಟಿಸಿದ ಬಿಆರ್‌ಎಸ್‌ಆರ್ ಕೋರ್ ಎಂಬ ಆಯ್ದ ಸೂಚಕಗಳ ಪಟ್ಟಿಯಲ್ಲಿ, ಒಟ್ಟು ವೇತನದಲ್ಲಿ ಹೆಂಗಸರಿಗೆ ಸಂದ ಪಾಲು ಮತ್ತು ಲೈಂಗಿಕ ಕಿರುಕುಳದ ದೂರುಗಳ ಸಂಖ್ಯೆ ಎರಡೂ ಸೇರಿದ್ದು, ಅವುಗಳನ್ನು ಹೊರಗಿನವರಿಂದ ತಪಾಸಣೆ ಮಾಡಿಸುವ ಕ್ರಮವೂ ಹಂತಹಂತವಾಗಿ ಜಾರಿಗೆ ಬರುತ್ತಿದೆ.

ಇಂಥ ನೋಂದಾಯಿತ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆ ಇರಲೇಬೇಕೆಂಬ ನಿಯಮವೂ ಉಂಟು. ಅದು ಒಳ್ಳೆಯ ನಿಯಮವೇ ಆದರೂ, ಮೇಲಿನ ಅಂತಸ್ತಿನ ಒಂದು ಕುರ್ಚಿಯಿಂದ ಕೆಳಗಿನ ಸಾವಿರ ಯಂತ್ರಗಳ ಮುಂದೆ ಕುಳಿತವರ ಸ್ಥಿತಿ ತಿಳಿಯುತ್ತದೆಂದು ನಂಬಲು ಆಧಾರವಿಲ್ಲ.

ತೊಂದರೆಯೆಂದರೆ ಬಿಆರ್‌ಎಸ್‌ಆರ್ ನಮೂನೆಯ ಈ ಚುರುಕಾದ ಪ್ರಶ್ನೆಗಳು ಕಂಪನಿಯ ಕಾಂಪೌಂಡಿನ ಆಚೆಗೆ ಹೋಗುವುದು ಕಷ್ಟ. ಕಚ್ಚಾವಸ್ತು ತಯಾರಿಸುವವರಿಂದ ಹಿಡಿದು ಅಂಗಡಿಯ ತನಕ ಹಬ್ಬಿರುವ ವ್ಯವಹಾರದ ಕೊಂಡಿಗಳನ್ನು ಮೌಲ್ಯ ಸರಪಳಿ ಎನ್ನುತ್ತಾರೆ. ಅದರಲ್ಲಿರುವ ಪಾಲುದಾರರ ವಿವರಗಳನ್ನೂ ದೊಡ್ಡ 250 ಕಂಪನಿಗಳು ಕೊಡಬೇಕೆಂದು ಸೆಬಿ ಮೊದಲು ಉದ್ದೇಶಿಸಿತ್ತಾದರೂ, ಉದ್ಯಮಗಳ ಒತ್ತಾಯದ ನಂತರ ಅದನ್ನು ಒಂದು ವರ್ಷ ಮುಂದೂಡಿ, ಸ್ವಇಚ್ಛೆಗೆ ಬಿಟ್ಟಿತು. ಹೆಂಗಸರು ಹೆಚ್ಚಾಗಿ ದುಡಿಯುವುದೋ ಸರಪಳಿಯ ಆ ಕೆಳ ಕೊಂಡಿಗಳಲ್ಲೇ. ಬೆಂಗಳೂರು, ರಾಮನಗರ, ಮಂಡ್ಯ, ದೊಡ್ಡಬಳ್ಳಾಪುರಗಳಲ್ಲಿ ಹರಡಿರುವ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಂದಿ ಕೆಲಸಮಾಡುತ್ತಾರೆ, ಅವರಲ್ಲಿ ಬಹುಪಾಲು ಹೆಂಗಸರು. ಆದರೆ ಈ ಕಾರ್ಖಾನೆಗಳಲ್ಲಿ ಹೆಚ್ಚಿನವು ಷೇರುಪೇಟೆಯಲ್ಲಿ ನೋಂದಾಯಿತವಾದವಲ್ಲ, ಅವುಗಳ ಬಟ್ಟೆ ಕೊಳ್ಳುವ ಹೊರದೇಶದ ಬ್ರ್ಯಾಂಡ್‌ಗಳು ಸೆಬಿಯ ವ್ಯಾಪ್ತಿಗೆ ಬರುವುದೂ ಇಲ್ಲ.

ಈ ಕಾರ್ಖಾನೆಗಳೊಳಗೆ ಹಕ್ಕಿನ ಪ್ರಶ್ನೆ ಹುಟ್ಟುವ ಬಗೆಯನ್ನು ತಿಳಿಯಲು ಟಾರ್ಗೆಟ್ಟಿನ ಲೆಕ್ಕವನ್ನು ನೋಡಬೇಕು. ಒಂದು ಅಂಗಿಯ ಹೊಲಿಗೆಯನ್ನು ಹತ್ತಾರು ಬಿಡಿ ಕೆಲಸಗಳಾಗಿ ಒಡೆದು, ಪ್ರತಿಯೊಂದಕ್ಕೂ ಇಂತಿಷ್ಟು ಸೆಕೆಂಡುಗಳೆಂದು ಗಡಿಯಾರ ಹಿಡಿದು ನಿಗದಿಮಾಡಲಾಗುತ್ತದೆ. ಜೇಬು ಕೂಡಿಸಲು 40 ಸೆಕೆಂಡು ಎಂದಿಟ್ಟುಕೊಂಡರೆ ಗಂಟೆಗೆ 90 ಜೇಬುಗಳಾಗಬೇಕು. ಶೌಚಾಲಯಕ್ಕೆ ಹೋಗಿಬರಲು 10 ನಿಮಿಷ ಹಿಡಿದರೆ 15 ಜೇಬುಗಳು ಹಿಂದೆ ಬೀಳುತ್ತವೆ, ಮುಂದಿನ ಯಂತ್ರದವಳ ಕೈ ಖಾಲಿಯಾಗುತ್ತದೆ, ಇಡೀ ಲೈನಿನ ಉತ್ಪಾದನೆ ಕುಂಟುತ್ತದೆ, ಲೈನ್ ಸೂಪರ್‌ವೈಸರ್ ಕೂಗಾಡುತ್ತಾನೆ. ಮುಟ್ಟಿನ ದಿನಗಳಲ್ಲೂ ಗರ್ಭಿಣಿಯಾಗಿದ್ದಾಗಲೂ ಈ ಲೆಕ್ಕ ಬದಲಾಗುವುದಿಲ್ಲವಾದ್ದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುವ, ಅದರಿಂದ ಮೂತ್ರನಾಳದ ಸೋಂಕಿಗೆ ಒಳಗಾಗುವ ಹೆಂಗಸರ ಬಗ್ಗೆ ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಹೇಳುತ್ತ ಬಂದಿವೆ. ಬೈಯುವ ಸೂಪರ್‌ವೈಸರ್ ಸಾಮಾನ್ಯವಾಗಿ ಗಂಡಸು, ಬೈಸಿಕೊಳ್ಳುವವಳು ಹೆಂಗಸು. ಆದರೆ ಅವನ ಬೆನ್ನಿಗೂ ಒಂದು ಟಾರ್ಗೆಟ್ ಅಂಟಿಕೊಂಡಿದೆ, ಅದರ ಹಿಂದೆ ಕಾರ್ಖಾನೆ ಒಪ್ಪಿಕೊಂಡ ಕಡಿಮೆ ದರವೂ ಹಡಗು ಹೊರಡುವ ದಿನಾಂಕವೂ ಇವೆ. ಆ ದರ, ದಿನಾಂಕಗಳನ್ನು ನಿಗದಿಮಾಡಿದ್ದು ಬ್ರ್ಯಾಂಡಿನ ಖರೀದಿ ವಿಭಾಗ. ಅದೇ ಬ್ರ್ಯಾಂಡಿನ ಸುಸ್ಥಿರತಾ ವಿಭಾಗವು ಕಿರುಕುಳ ಸಲ್ಲದೆಂಬ ನೀತಿ ಸಂಹಿತೆಯನ್ನು ಅದೇ ಕಾರ್ಖಾನೆಗೆ ಕಳಿಸಿ, ಗೋಡೆಗೆ ಅಂಟಿಸಲು ಹೇಳುತ್ತದೆ. ಒಂದೇ ಕಂಪನಿಯ ಎರಡು ವಿಭಾಗಗಳು ಪರಸ್ಪರ ವಿರುದ್ಧವಾದ ಆದೇಶಗಳನ್ನು ಕೊಡುತ್ತಿರುವಾಗ ಕಾರ್ಖಾನೆ ಯಾವುದನ್ನು ಪಾಲಿಸುತ್ತದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಹೆಂಗಸರ ಬದುಕಿನ ಬಗ್ಗೆ ಸರ್ಕಾರಕ್ಕೂ ಆಡಳಿತ ವರ್ಗಕ್ಕೂ ಎಷ್ಟು ಕಡಿಮೆ ತಿಳಿದಿತ್ತು ಎಂಬುದು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಬಯಲಾಯಿತು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ ಹೆಂಗಸರು ಎರಡು ದಿನ ರಸ್ತೆಗಿಳಿದರು. ಯಾವ ಸಂಘವೂ ಕರೆಕೊಟ್ಟಿರಲಿಲ್ಲ. ನಿಯಮ ರೂಪಿಸಿದವರ ಕಲ್ಪನೆಯಲ್ಲಿದ್ದದ್ದು ಒಂದೇ ಕೆಲಸದಲ್ಲಿ ನಿವೃತ್ತಿಯ ತನಕ ದುಡಿಯುವ ಗಂಡಸು. ಹೆರಿಗೆಗೆ, ಮಕ್ಕಳ ಶಾಲೆಯ ಫೀಸಿಗೆ, ಸಾಲ ತೀರಿಸಲಿಕ್ಕೆ ಕೆಲಸ ಬಿಟ್ಟು ಪಿಎಫ್ ತೆಗೆದು, ಮತ್ತೆ ಬೇರೆ ಕಾರ್ಖಾನೆಗೆ ಸೇರುವ ಹೆಣ್ಣಿಗೆ ಆ ಹಣವೇ ಏಕೈಕ ಉಳಿತಾಯವಾಗಿತ್ತು. ಏಪ್ರಿಲ್ 19ರಂದೇ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮೇಲ್ನೋಟಕ್ಕೆ ಎಲ್ಲರಿಗೂ ಸಮಾನವಾದ ನಿಯಮ ಹೆಂಗಸರಿಗೆ ಮಾತ್ರ ಹೆಚ್ಚು ತಟ್ಟುವುದೆಂದರೇನು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗಲಾರದು. ನಾಲ್ಕು ವರ್ಷಗಳ ನಂತರ, 2020ರಲ್ಲಿ, ಕನಿಷ್ಠ ವೇತನಕ್ಕೆ ಸೇರಬೇಕಾಗಿದ್ದ ತುಟ್ಟಿಭತ್ಯೆಯ ಏರಿಕೆಯನ್ನು ರಾಜ್ಯ ಸರ್ಕಾರ ಕೋವಿಡ್ ಕಾರಣದಿಂದ ಮುಂದೂಡಿತು. ತಿಂಗಳಿಗೆ 417 ರೂಪಾಯಿಯ ಆ ಏರಿಕೆಯ ವಿಷಯದಲ್ಲಿ ಹೈಕೋರ್ಟ್ ಸರ್ಕಾರದ ಆದೇಶಕ್ಕೆ ತಡೆ ನೀಡಿದ ಮೇಲೂ ಹಲವು ಕಾರ್ಖಾನೆಗಳು ಹಣ ಕೊಡಲಿಲ್ಲ. ಬಾಕಿ ಕೊಡಲು ಅವು ಒಪ್ಪುವಷ್ಟರಲ್ಲಿ 2022 ಬಂದಿತ್ತು. ಈ ಅವಧಿಯುದ್ದಕ್ಕೂ ಅಲ್ಲಿಂದ ಬಟ್ಟೆ ಕೊಳ್ಳುತ್ತಿದ್ದ ಬ್ರ್ಯಾಂಡ್‌ಗಳು ಕಾನೂನುಬದ್ಧ ವೇತನದ ಭರವಸೆಯನ್ನು ತಮ್ಮ ವರದಿಗಳಲ್ಲಿ ಮುದ್ರಿಸುತ್ತಲೇ ಇದ್ದವು.

ಮೊಬೈಲ್ ಫೋನುಗಳ ಜೋಡಣೆಯ ಹೊಸ ಉದ್ಯಮದಲ್ಲೂ ಕಥೆ ಬೇರೆಯಾಗಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ಅತೃಪ್ತಿ 2020ರ ಡಿಸೆಂಬರ್‌ನಲ್ಲಿ ದಾಂಧಲೆಗೆ ತಿರುಗಿದ ನಂತರವಷ್ಟೇ ಆಪಲ್ ತಾನು ಬರೆದ ಸರಬರಾಜುದಾರರ ಸಂಹಿತೆ ಅಲ್ಲಿ ಉಲ್ಲಂಘನೆಯಾಗಿದೆಯೆಂದು ಒಪ್ಪಿ, ವಿಸ್ಟ್ರಾನನ್ನು ನಿಗಾವಣೆಯಲ್ಲಿಟ್ಟಿತು.

ಹಾಗಾದರೆ ಸಾಮಾಜಿಕ ಆಡಿಟ್ ಎಂಬ ತಪಾಸಣೆ ಏನು ಮಾಡುತ್ತದೆ ಎಂಬ ಪ್ರಶ್ನೆ ಏಳುವುದು ಸಹಜ. ಬ್ರ್ಯಾಂಡ್ ಅಥವಾ ಕಾರ್ಖಾನೆಯೇ ಹಣಕೊಟ್ಟು ಕರೆಸಿದ ತಪಾಸಕರು ಒಂದೆರಡು ದಿನ ಬಂದು, ರಿಜಿಸ್ಟರುಗಳನ್ನು ನೋಡಿ, ಕೆಲವರನ್ನು ಮಾತಾಡಿಸಿ, ಪಟ್ಟಿಯಲ್ಲಿ ಗುರುತು ಹಾಕಿ ಹೋಗುತ್ತಾರೆ. ಬೆಂಕಿ ಆರಿಸುವ ಸಿಲಿಂಡರು ಇದೆಯೇ ಎಂಬುದು ಈ ವಿಧಾನದಿಂದ ತಿಳಿಯುತ್ತದೆ; ಸೂಪರ್‌ವೈಸರ್ ಮೈಮುಟ್ಟುತ್ತಾನೆಯೇ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಆ ಮಾತನ್ನು ಅಪರಿಚಿತರ ಮುಂದೆ, ಮ್ಯಾನೇಜರ್ ಕೂತಿರುವ ಕಟ್ಟಡದೊಳಗೆ, ಯಾವ ಹೆಣ್ಣೂ ಆಡಲಾರಳು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರು, ಸತ್ತಾಗ, ಅಲ್ಲಿದ್ದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕೆಲವಕ್ಕೆ ಆಡಿಟ್ ಆಗಿತ್ತು. ಹಿಂದಿನ ದಿನವೇ ಗೋಡೆ ಬಿರುಕುಬಿಟ್ಟಿದ್ದರಿಂದ ಕೆಳಗಿನ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತ್ತು, ಗಾರ್ಮೆಂಟ್‌ನವರನ್ನು ಮಾತ್ರ ಸಂಬಳ ಕಡಿತದ ಬೆದರಿಕೆಯೊಡ್ಡಿ ಒಳಗೆ ಕಳಿಸಲಾಯಿತು. ಸಂಘಟನೆಯ ಬಲವಿದ್ದಿದ್ದರೆ ಒಳಹೋಗುವುದಿಲ್ಲವೆಂದು ಅವರು ಹೇಳಬಹುದಿತ್ತು. ಆ ದುರಂತದ ಮರುತಿಂಗಳೇ ಬ್ರ್ಯಾಂಡ್‌ಗಳೂ ಜಾಗತಿಕ ಕಾರ್ಮಿಕ ಸಂಘಟನೆಗಳೂ ಸಹಿ ಹಾಕಿದ ಬಾಂಗ್ಲಾದೇಶ ಅಕಾರ್ಡ್ ಎಂಬ ಒಪ್ಪಂದವು ಕಾನೂನಿನಿಂದ ಬದ್ಧವಾದದ್ದಾಗಿದ್ದು, ಸ್ವಇಚ್ಛೆಯ ಸಂಹಿತೆಗಳಿಗಿಂತ ಅದು ಭಿನ್ನವಾದದ್ದೇ ಆ ಕಾರಣಕ್ಕೆ.

ಅದೇ ಮಾದರಿಯನ್ನು ಹೆಣ್ಣಿನ ಮೇಲಿನ ಹಿಂಸೆಗೆ ಅನ್ವಯಿಸಿದ ಭಾರತದ ಪ್ರಯೋಗವೊಂದು ತಮಿಳುನಾಡಿನ ದಿಂಡಿಗಲ್‌ನಲ್ಲಿ ನಡೆಯಿತು. 2021ರ ಜನವರಿಯಲ್ಲಿ ಅಲ್ಲಿನ ಬಟ್ಟೆ ಕಾರ್ಖಾನೆಯೊಂದರ ಯುವ ದಲಿತ ಕಾರ್ಮಿಕಳೊಬ್ಬಳ ಕೊಲೆಯಾಗಿ, ಆಕೆಯ ಮೇಲ್ವಿಚಾರಕನ ಬಂಧನವಾದ ನಂತರ ನಡೆದ ಹೋರಾಟದ ಫಲವಾಗಿ, 2022ರ ಏಪ್ರಿಲ್‌ನಲ್ಲಿ ಹೆಂಗಸರೇ ಮುನ್ನಡೆಸುವ ತಮಿಳುನಾಡು ಜವಳಿ ಕಾರ್ಮಿಕ ಸಂಘ, ಕಾರ್ಖಾನೆಯ ಒಡೆತನದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಮತ್ತು ಬ್ರ್ಯಾಂಡ್ ಎಚ್ ಅಂಡ್ ಎಂ ನಡುವೆ ಒಪ್ಪಂದಗಳಾದವು. ಬೇರೆ ಬ್ರ್ಯಾಂಡ್‌ಗಳೂ ಅನಂತರ ಕೂಡಿಕೊಂಡವು. ಇದರ ಪ್ರಕಾರ ಪ್ರತಿ 25 ಕಾರ್ಮಿಕರಿಗೆ ಒಬ್ಬರಂತೆ ಕಾರ್ಮಿಕರೊಳಗಿನ ಹೆಂಗಸರನ್ನೇ ಸಂಘವು ಮೇಲುಸ್ತುವಾರಿಗೆ ಆರಿಸಿ ತರಬೇತಿ ಕೊಡುತ್ತದೆ. ಟಾರ್ಗೆಟ್ಟಿನ ಒತ್ತಡ, ಬೈಗುಳ, ಜಾತಿನಿಂದನೆ, ಲೈಂಗಿಕ ಕಿರುಕುಳ ಯಾವುದಿದ್ದರೂ ಅವರು ಆಡಳಿತದ ಮುಂದಿಟ್ಟು ಪರಿಹಾರ ಕೇಳುತ್ತಾರೆ. ಕಾರ್ಖಾನೆ ಒಪ್ಪಂದವನ್ನು ಮೀರಿದರೆ ಬ್ರ್ಯಾಂಡ್ ತನ್ನ ಆರ್ಡರಿನ ಮೂಲಕ ಅದಕ್ಕೆ ಬಿಸಿ ಮುಟ್ಟಿಸಬೇಕು. ಮೊದಲ ವರ್ಷದಲ್ಲೇ ನೂರಕ್ಕೂ ಹೆಚ್ಚು ದೂರುಗಳು ಬಂದು, ಬಹುತೇಕ ಬಗೆಹರಿದವು. ವರದಿ ಬರೆಯುವವರ ಕಣ್ಣಿಗೆ ಇಷ್ಟು ದೂರುಗಳು ಕೆಟ್ಟ ಅಂಕಿಯಾಗಿ ಕಂಡಾವು, ಆದರೆ ವಾಸ್ತವದಲ್ಲಿ ಅದು ಭಯ ಕಡಿಮೆಯಾದುದರ ಅಳತೆ.

ಈ ಮಾತು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಗೂ ಅನ್ವಯಿಸುತ್ತದೆ. 1997ರ ವಿಶಾಖಾ ತೀರ್ಪಿನಿಂದ ಹುಟ್ಟಿದ ಈ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿಯಿರುವ ಪ್ರತಿಯೊಂದು ಸಂಸ್ಥೆಯೂ ಮಹಿಳೆಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿಯನ್ನು ರಚಿಸಿ, ಹೊರಗಿನ ಒಬ್ಬ ಸದಸ್ಯರನ್ನೂ ಸೇರಿಸಿಕೊಂಡು, ದೂರು ಬಂದರೆ 90 ದಿನಗಳೊಳಗೆ ವಿಚಾರಣೆ ಮುಗಿಸಬೇಕು. ಸಾವಿರಾರು ಹೆಂಗಸರಿರುವ ಕಾರ್ಖಾನೆಯೊಂದು ವರ್ಷದಿಂದ ವರ್ಷಕ್ಕೆ ಸೊನ್ನೆ ದೂರು ಎಂದು ಬರೆಯುತ್ತಿದ್ದರೆ, ಅಲ್ಲಿ ಕಿರುಕುಳವಿಲ್ಲ ಎನ್ನುವುದಕ್ಕಿಂತ ಸಮಿತಿಯ ಮೇಲೆ ನಂಬಿಕೆಯಿಲ್ಲ ಎಂದು ಊಹಿಸುವುದೇ ಹೆಚ್ಚು ಯುಕ್ತ.

ಹೆಣ್ಣಿನ ದುಡಿಮೆ ಯಾವ ವಹಿಯಲ್ಲೂ ದಾಖಲಾಗದ ಕಡೆ ಸ್ಥಿತಿ ಇನ್ನಷ್ಟು ಕಠಿಣ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕದ ಸಕ್ಕರೆ ಸೀಮೆಗೂ ಕಬ್ಬು ಕಡಿಯಲು ಬರುವವರನ್ನು ಗಂಡಹೆಂಡಿರ ಜೋಡಿಯನ್ನೇ ಒಂದು ಕೊಯ್ತಾ ಎಂದು ಎಣಿಸಿ ಗೊತ್ತುಮಾಡಿಕೊಳ್ಳುತ್ತಾರೆ. ಮುಂಗಡ ಹಣ ಗಂಡನ ಕೈಗೆ ಹೋಗುತ್ತದೆ, ಹೆಂಡತಿ ಕಾರ್ಮಿಕಳೆಂದು ಎಲ್ಲೂ ನಮೂದಾಗುವುದಿಲ್ಲ, ಒಂದು ದಿನ ತಪ್ಪಿಸಿದರೆ ದಂಡ. ಮುಟ್ಟಿನ ತೊಂದರೆಯಿಂದ ಕೆಲಸ ತಪ್ಪದಿರಲೆಂದು ಬೀಡ್‌ನ ಚಿಕ್ಕ ವಯಸ್ಸಿನ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳುತ್ತಿರುವ ವಿಷಯ 2019ರಲ್ಲಿ ದೇಶದ ಗಮನ ಸೆಳೆದು, ರಾಜ್ಯ ಸರ್ಕಾರ ಸಮಿತಿ ನೇಮಿಸಬೇಕಾಯಿತು. ಆ ಸಕ್ಕರೆಯನ್ನು ಕೊಳ್ಳುವ ಕಂಪನಿಗಳು ಕಬ್ಬಿಗೆ ಎಷ್ಟು ನೀರು ಬಳಕೆಯಾಯಿತೆಂದು ಲೆಕ್ಕ ಇಡುತ್ತವೆ. ಕರಾವಳಿಯ ಬೀಡಿ ಕಟ್ಟುವವರು, ಮನೆಯಲ್ಲೇ ಊದುಬತ್ತಿ ಹೊಸೆಯುವವರು ಕೂಡ ಇದೇ ಬಗೆಯ ಮರೆಯಲ್ಲಿ ಉಳಿದವರು.

ಆದ್ದರಿಂದ ಲಿಂಗ ಸಮಾನತೆಯನ್ನೂ ಮಾನವ ಹಕ್ಕುಗಳನ್ನೂ ಸುಸ್ಥಿರತೆಯೊಳಗೆ ಬೆಸೆಯುವ ಕೆಲಸ ವರದಿಗೆ ಒಂದು ಅಧ್ಯಾಯ ಸೇರಿಸುವುದರಿಂದ ಆಗತಕ್ಕದ್ದಲ್ಲ. ಅದು ಖರೀದಿಯ ಕರಾರಿನಲ್ಲಿ ಆರಂಭವಾಗಬೇಕು. ಸರಕಿನ ದರದಲ್ಲಿ ಕಾರ್ಮಿಕರ ವೇತನದ ಪಾಲನ್ನು ಬೇರೆಯಾಗಿ ತೋರಿಸಿ ಅದನ್ನು ಚೌಕಾಸಿಗೆ ಹೊರತಾಗಿಡುವುದು, ಕೊನೆಯ ಗಳಿಗೆಯಲ್ಲಿ ಆರ್ಡರು ಬದಲಿಸಿದಾಗ ಗಡುವನ್ನೂ ಮುಂದೂಡುವುದು, ಖರೀದಿ ಅಧಿಕಾರಿಯ ಬಡ್ತಿಯನ್ನು ಉಳಿಸಿದ ಹಣದಿಂದ ಮಾತ್ರ ಅಳೆಯದಿರುವುದು, ಸಂಘಟಿತರಾಗುವ ಹಕ್ಕನ್ನು ಅಡ್ಡಿಯೆಂದು ಕಾಣದೆ ಮಾಹಿತಿಯ ಮೂಲವೆಂದು ಕಾಣುವುದು ಇವೆಲ್ಲ ಅದರ ಭಾಗಗಳು. ಸರ್ಕಾರದ ಪಾಲೂ ಇದೆ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದಾಗ, ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯ ಹೊರಗಿನ ಹೆಂಗಸರ ವಿಷಯದಲ್ಲಿ ಪೂರ್ತಿ ವೆಚ್ಚವನ್ನು ಮಾಲೀಕರ ಮೇಲೆಯೇ ಹೊರಿಸಿದ್ದರಿಂದ, ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವ ಸಣ್ಣ ಉದ್ದಿಮೆದಾರನಿಗೆ ಒಂದು ನೆಪ ಸಿಕ್ಕಿತು. ಆ ಭಾರವನ್ನು ಸಾರ್ವಜನಿಕ ವಿಮೆಗೆ ವರ್ಗಾಯಿಸದೆ ಹಕ್ಕನ್ನು ಮಾತ್ರ ಹಿಗ್ಗಿಸುವುದು ಅರ್ಧ ಕೆಲಸ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2019ರಲ್ಲಿ ಅಂಗೀಕರಿಸಿದ 190ನೆಯ ಒಡಂಬಡಿಕೆಯನ್ನು ಭಾರತ ಸ್ಥಿರೀಕರಿಸುವುದೂ ಬಾಕಿಯಿದೆ. ಯುರೋಪಿನ ಒಕ್ಕೂಟ 2024ರಲ್ಲಿ ತನ್ನ ದೊಡ್ಡ ಕಂಪನಿಗಳಿಗೆ ಮುಂಜಾಗ್ರತಾ ಪರಿಶೀಲನೆಯನ್ನು ಕಾನೂನಿನಿಂದ ಕಡ್ಡಾಯಗೊಳಿಸಿದರೂ, ಅದು ಜಾರಿಯಾಗುವ ಮೊದಲೇ ಅದನ್ನು ಸಡಿಲಿಸುವ ಕೆಲಸ ಶುರುವಾಯಿತು. ಹೊರದೇಶದ ಕಾನೂನೊಂದನ್ನೇ ನಂಬಿ ಇಲ್ಲಿನ ಕಾರ್ಮಿಕರು ಕಾಯುವಂತಿಲ್ಲ.

ಬಿಆರ್‌ಎಸ್‌ಆರ್ ವರದಿಗಳು ಕಂಪನಿಗಳ ಮತ್ತು ಷೇರುಪೇಟೆಗಳ ಜಾಲತಾಣಗಳಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಲು ಸಿಗುತ್ತವೆ. ಷೇರು ಅಥವಾ ಮ್ಯೂಚುವಲ್ ಫಂಡಿನಲ್ಲಿ ಹಣ ತೊಡಗಿಸಿರುವ ಓದುಗರು ತಮ್ಮ ಕಂಪನಿಯ ವರದಿಯಲ್ಲಿ ಐದನೆಯ ತತ್ತ್ವದ ಪುಟವನ್ನು ತೆರೆದು, ಹೆಂಗಸರ ವೇತನದ ಮಧ್ಯಾಂಕವನ್ನೂ ದೂರುಗಳ ಸಂಖ್ಯೆಯನ್ನೂ ಮೊದಲು ನೋಡಲಿ. ದೂರುಗಳ ಎದುರು ಸೊನ್ನೆ ಕಂಡರೆ, ಷೇರುದಾರರಾದವರು ವಾರ್ಷಿಕ ಸಭೆಯಲ್ಲಿ ಅದರ ಕಾರಣವನ್ನು ಕೇಳಲಿ.